‘ಆ ಹನ್ನೆರಡು ಜನರನ್ನು ಬಿಟ್ಟು ಬನ್ನಿ’: ವಾಸ್ಕೋ ಡ ಗಾಮ ಎಂಬ ಫುಟ್‌ಬಾಲ್ ಕ್ಲಬ್‌ನ ಕಥೆ

ಬಸ್ಸಲ್ಲಿ ಕೂತು ಕೇಳ್ತಾ ಇದ್ರೆ ಹೆಡ್‌ಫೋನ್ ಸರಿ ಮಾಡ್ಕೊಳ್ಳಿ, ಅಡುಗೆ ಮಾಡ್ತಾ ಕೇಳ್ತಾ ಇದ್ರೆ ಒಲೆ ಸ್ವಲ್ಪ ಸಣ್ಣ ಮಾಡ್ಕೊಳ್ಳಿ. ಇವತ್ತಿನ ಕಥೆ ಶುರುವಾಗೋದು ಹುಬ್ಬಳ್ಳಿ ರೈಲ್ವೆ ಸ್ಟೇಷನ್ನಲ್ಲಿ, ಹೋಗಿ ನಿಲ್ಲೋದು ಬ್ರೆಜಿಲ್‌ನ ರಿಯೋ ಡಿ ಜನೈರೋದಲ್ಲಿ.

ಕೆಲವು ವರ್ಷಗಳ ಹಿಂದೆ ನಾನು ಗೋವಾಕ್ಕೆ ಹೊರಟಿದ್ದೆ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್, ದೂಧ್‌ಸಾಗರ ದಾಟಿ ಹೋಗುವ ರೈಲು ಗೊತ್ತಲ್ಲ, ಅದು. ಕೊನೆಯ ಸ್ಟೇಷನ್ ವಾಸ್ಕೋ ಡ ಗಾಮ. ರೈಲು ತಡವಾಗಿತ್ತು. ಎಲ್ಲಿದೆ ನೋಡೋಣ ಅಂತ ಫೋನ್ ತೆಗೆದು ‘ವಾಸ್ಕೋ’ ಅಂತ ಟೈಪ್ ಮಾಡಿದೆ. ರೈಲಿನ ಸಮಯ ಬರಲಿಲ್ಲ, ಫುಟ್‌ಬಾಲ್ ಸ್ಕೋರ್ ಬಂತು. ಕಪ್ಪು ಅಂಗಿ, ಎಡಭುಜದಿಂದ ಇಳಿಯುವ ಓರೆ ಬಿಳಿ ಪಟ್ಟಿ, ಎದೆ ಮೇಲೆ ಕೆಂಪು ಶಿಲುಬೆ. ರಿಯೋದ ತಂಡ. ಹೆಸರು ಮಾತ್ರ ನಮ್ಮ ರೈಲಿನದೇ!

ನನಗೆ ನಗು ಬಂತು. ಆಮೇಲೆ ಒಂದು ಪ್ರಶ್ನೆ ಕಾಡಿತು. ಆ ಮನುಷ್ಯನ ಹೆಸರನ್ನು ಒಂದು ಕ್ಲಬ್‌ಗೆ ಯಾಕೆ ಇಟ್ಟರು? ವಾಸ್ಕೋ ಡ ಗಾಮ ಅಂದ್ರೆ ನಮಗೆ ಶಾಲೆಯ ಪಾಠ. 1498ರ ಮೇ ತಿಂಗಳು, ಕಲ್ಲಿಕೋಟೆ. ವಾಪಸ್ ಹೋಗುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜದೀಪ ನಡುಗಡ್ಡೆಯಲ್ಲಿ ಹಡಗು ನಿಲ್ಲಿಸಿದ್ದ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೂ ಅವನ ಹೆಸರು ತಳಕು ಹಾಕ್ಕೊಂಡಿದೆ. ಆದರೆ ಪಾಠದಲ್ಲಿ ಅಷ್ಟಾಗಿ ಹೇಳದ ಒಂದು ವಿಷಯ ಇದೆ. 1502ರಲ್ಲಿ ಎರಡನೇ ಸಲ ಬಂದಾಗ ಇದೇ ಮನುಷ್ಯ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದವರ ಹಡಗೊಂದನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟುಹಾಕಿಸಿದ. ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಇದು ಪ್ರೀತಿಯಿಂದ ಹೇಳುವ ಹೆಸರಲ್ಲ.

ಈಗ ವಿಚಿತ್ರ ನೋಡಿ. ಅದೇ ಹೆಸರು ಹೊತ್ತ ಕ್ಲಬ್, ಕಪ್ಪುಜನರನ್ನು ಮತ್ತು ಬಡವರನ್ನು ಹೊರಗಿಡೋಕೆ ಹೊರಟ ಫುಟ್‌ಬಾಲ್ ವ್ಯವಸ್ಥೆಗೆ ಒಂದು ಪುಟದ ಕಾಗದ ಬರೆದು ‘ಆಗಲ್ಲ’ ಅಂತ ಹೇಳಿತು. ಆ ಕಾಗದದ ಕಥೆಯೇ ಇವತ್ತು ನಾನು ಹೇಳೋದು.

ಮೊದಲು ಹುಟ್ಟಿನ ಕಥೆ. 1898ರ ಆಗಸ್ಟ್ 21, ರಿಯೋ. ಅರವತ್ತೆರಡು ಜನ ಸೇರಿ ಒಂದು ಕ್ಲಬ್ ಕಟ್ಟಿದರು. ಹೆಚ್ಚಿನವರು ಪೋರ್ಚುಗಲ್‌ನಿಂದ ಹೊಟ್ಟೆಪಾಡಿಗೆ ಬಂದವರು. ವಾಸ್ಕೋ ಭಾರತಕ್ಕೆ ಹೋಗಿ ಆ ವರ್ಷಕ್ಕೆ 400 ವರ್ಷ ತುಂಬಿತ್ತು, ಅದಕ್ಕೇ ಆ ಹೆಸರು. ಫುಟ್‌ಬಾಲ್ ಕ್ಲಬ್ ಕೂಡ ಅಲ್ಲ ಅದು, ದೋಣಿ ಸ್ಪರ್ಧೆಯ ಕ್ಲಬ್. ಆಗ ರಿಯೋದಲ್ಲಿ ಭಾನುವಾರ ಜನ ಸೇರುತ್ತಿದ್ದದ್ದು ಕಡಲ ದಂಡೆಯಲ್ಲಿ, ಹುಟ್ಟು ಹಾಕುವವರನ್ನು ನೋಡೋಕೆ. ಇವತ್ತಿಗೂ ಕ್ಲಬ್‌ನ ಪೂರ್ತಿ ಹೆಸರಲ್ಲಿ ‘ರೆಗಾಟ’ ಅನ್ನುವ ಪದ ಇದೆ, ಅಂದ್ರೆ ದೋಣಿ ಸ್ಪರ್ಧೆ.

ಪೋರ್ಚುಗೀಸರು ಅಂದ ತಕ್ಷಣ ಸಾಹುಕಾರರು, ಆಳುವವರು ಅಂದ್ಕೋಬೇಡಿ. ಬ್ರೆಜಿಲ್ 1822ರಲ್ಲೇ ಸ್ವತಂತ್ರವಾಗಿತ್ತು. ಈ ವಲಸಿಗರಲ್ಲಿ ಬಹಳಷ್ಟು ಜನ ಅಂಗಡಿ ಗುಮಾಸ್ತರು, ಬೇಕರಿಯವರು, ಸಣ್ಣ ವ್ಯಾಪಾರಿಗಳು. ಊರಿನ ದೊಡ್ಡವರು ಇವರನ್ನು ನೋಡಿ ನಗೋರು. ದುಡ್ಡು ಮಾಡಿದ್ರೂ ಮರ್ಯಾದೆ ಸಿಗದ ಜನ.

ಇನ್ನೊಂದು ಇಸವಿ ನೆನಪಿಟ್ಟುಕೊಳ್ಳಿ. 1888. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದ ವರ್ಷ. ಇಡೀ ಅಮೆರಿಕ ಖಂಡಗಳಲ್ಲೇ ಕೊನೆಯದಾಗಿ ರದ್ದು ಮಾಡಿದ ದೇಶ ಅದು. ಅಂದ್ರೆ ಈ ಕ್ಲಬ್ ಹುಟ್ಟಿದಾಗ ಗುಲಾಮಗಿರಿ ಮುಗಿದು ಬರೀ ಹತ್ತು ವರ್ಷ. ಕಾನೂನು ಹೋಗಿತ್ತು, ಮನಸ್ಸಿನಿಂದ ಹೋಗಿರಲಿಲ್ಲ. ಅಂಥ ಕಾಲದಲ್ಲಿ, 1904ರಲ್ಲಿ, ವಾಸ್ಕೋ ಕ್ಲಬ್ ತನ್ನ ಅಧ್ಯಕ್ಷನಾಗಿ ಕ್ಯಾಂಡಿಡೊ ಜೋಸೆ ಡಿ ಅರಾಉಜೊ ಅನ್ನುವವರನ್ನು ಆರಿಸಿತು. ಅವರು ಬಿಳಿಯರಲ್ಲ, ಮಿಶ್ರವರ್ಣದವರು.

ಸರಿ, ಫುಟ್‌ಬಾಲ್ ಎಲ್ಲಿಂದ ಬಂತು? ಅದು ಇಂಗ್ಲೆಂಡ್‌ನಿಂದ, ಯುರೋಪ್‌ನಲ್ಲಿ ಓದಿ ಬಂದ ಶ್ರೀಮಂತರ ಮಕ್ಕಳ ಪೆಟ್ಟಿಗೆಯಲ್ಲಿ ಬಂತು. ರಿಯೋದಲ್ಲಿ 1902ರಲ್ಲಿ ಫ್ಲುಮಿನೆನ್ಸ್ ಕ್ಲಬ್ ಶುರುವಾಯಿತು. ಆಮೇಲೆ ಬೊಟಾಫೊಗೊ, ಫ್ಲಮೆಂಗೊ. ಆಟಗಾರರಲ್ಲಿ ವೈದ್ಯರಾಗೋರು, ವಕೀಲರಾಗೋರು ಇದ್ದರು. ‘ನಾವು ದುಡ್ಡಿಗೆ ಆಡಲ್ಲ, ಹವ್ಯಾಸಕ್ಕೆ ಆಡ್ತೀವಿ’ ಅನ್ನೋದು ಅವರ ಹೆಮ್ಮೆ. ಕೇಳೋಕೆ ಚೆನ್ನಾಗಿದೆ. ಆದರೆ ಯೋಚನೆ ಮಾಡಿ, ದುಡ್ಡು ತಗೊಳ್ಳದೆ ಆಡಬೇಕು ಅಂದ್ರೆ ಮನೇಲಿ ದುಡ್ಡಿರಬೇಕು ತಾನೆ? ಬೆಳಗ್ಗೆಯಿಂದ ಸಂಜೆವರೆಗೆ ಮೂಟೆ ಹೊರುವವನು ಹವ್ಯಾಸಕ್ಕೆ ಎಲ್ಲಿಂದ ಸಮಯ ತರ್ತಾನೆ? ‘ಕರಿಯರು ಬೇಡ’ ಅಂತ ಬೋರ್ಡ್ ಹಾಕುವ ಅಗತ್ಯವೇ ಇರಲಿಲ್ಲ. ‘ಹವ್ಯಾಸಿ’ ಅನ್ನುವ ಒಂದೇ ಪದ ಆ ಕೆಲಸ ಮಾಡ್ತಿತ್ತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಿಬಿಡ್ತೀನಿ. ಕಪ್ಪು ಆಟಗಾರನನ್ನು ಮೊದಲು ಕಣಕ್ಕಿಳಿಸಿದ್ದು ವಾಸ್ಕೋ ಅಲ್ಲ. ರಿಯೋದ ಹೊರವಲಯದಲ್ಲಿ ಬಂಗು ಅನ್ನುವ ಬಟ್ಟೆ ಗಿರಣಿಯ ಕ್ಲಬ್ ಇತ್ತು. ಅಲ್ಲಿ 1905ರಲ್ಲೇ ಫ್ರಾನ್ಸಿಸ್ಕೊ ಕರೆಗಾಲ್ ಅನ್ನುವ ಕಪ್ಪು ಕಾರ್ಮಿಕ ಆಡಿದ್ದ. ಹಾಗಾದ್ರೆ ವಾಸ್ಕೋ ಮಾಡಿದ ‘ತಪ್ಪು’ ಏನು? ಅವರನ್ನು ಆಡಿಸಿದ್ದಷ್ಟೇ ಅಲ್ಲ, ಆಡಿಸಿ ಗೆದ್ದದ್ದು.

ವಾಸ್ಕೋ ಕ್ಲಬ್ ಫುಟ್‌ಬಾಲ್ ವಿಭಾಗ ತೆರೆದದ್ದು 1915ರಲ್ಲಿ. ಮರುವರ್ಷ ಮೊದಲ ಪಂದ್ಯ, ಮೂರನೇ ದರ್ಜೆಯಲ್ಲಿ. 10–1ರಿಂದ ಸೋತರು! ಎಂಥಾ ಉದ್ಘಾಟನೆ ನೋಡಿ. ಆದರೆ ಈ ಅಂಗಡಿಯವರಿಗೆ ಒಂದು ಬುದ್ಧಿ ಇತ್ತು, ವ್ಯಾಪಾರದ ಬುದ್ಧಿ. ಒಳ್ಳೆ ಸರಕು ಎಲ್ಲಿ ಸಿಗುತ್ತೋ ಅಲ್ಲಿಂದ ತರಬೇಕು. ಅವರು ರಿಯೋದ ಬಡ ಬಡಾವಣೆಗಳ ಮೈದಾನಗಳಿಗೆ ಹೋದರು. ಚಾಲಕರು, ಕೂಲಿಗಳು, ಕಾರ್ಖಾನೆ ಹುಡುಗರು, ಕಪ್ಪು, ಮಿಶ್ರವರ್ಣ, ಬಡ ಬಿಳಿಯರು. ಆಟ ಬರುತ್ತಾ? ಬಾ. ಅಷ್ಟೇ.

ಆದರೆ ಹವ್ಯಾಸಿ ನಿಯಮ ಇದೆಯಲ್ಲ, ಸಂಬಳ ಕೊಡೋ ಹಾಗಿಲ್ಲ. ಅದಕ್ಕೆ ಪೋರ್ಚುಗೀಸ್ ವ್ಯಾಪಾರಿಗಳು ತಮ್ಮ ಅಂಗಡಿಯಲ್ಲಿ ಇವರಿಗೆ ಕೆಲಸ ಅಂತ ತೋರಿಸಿದರು. ಕಾಗದದ ಮೇಲೆ ಅಂಗಡಿ ನೌಕರ, ಬೆಳಗ್ಗೆ ಎದ್ದರೆ ಮೈದಾನ. ಗೆದ್ದರೆ ಮೇಲೆ ಕೈಖರ್ಚು. ಅದಕ್ಕೊಂದು ಗುಟ್ಟಿನ ಹೆಸರು ‘ಬಿಶು’, ಅಂದ್ರೆ ಪ್ರಾಣಿ. ರಿಯೋದಲ್ಲಿ ಪ್ರಾಣಿಗಳ ಹೆಸರಲ್ಲಿ ಆಡುವ ಒಂದು ಜೂಜಿದೆ, ನಮ್ಮ ಮಟ್ಕಾ ಥರ. ಅದರ ಭಾಷೆಯಲ್ಲೇ ಲೆಕ್ಕ. ಸಣ್ಣ ಗೆಲುವಿಗೆ ನಾಯಿ ಅಥವಾ ಮೊಲ, ದೊಡ್ಡ ಗೆಲುವಿಗೆ ಹಸು. ಬ್ರೆಜಿಲ್‌ನಲ್ಲಿ ಇವತ್ತಿಗೂ ಗೆಲುವಿನ ಬೋನಸ್‌ಗೆ ‘ಬಿಶು’ ಅಂತಲೇ ಹೇಳ್ತಾರೆ.

ಕೋಚ್ ಆಗಿ ಬಂದವರು ಉರುಗ್ವೆಯ ರಾಮೊನ್ ಪ್ಲಟೇರೊ. ಅವರು ಹುಡುಗರನ್ನು ಓಡಿಸಿದರು, ಮತ್ತೆ ಮತ್ತೆ ಓಡಿಸಿದರು. ಬೇರೆ ಕ್ಲಬ್‌ಗಳ ಹವ್ಯಾಸಿಗಳು ಎರಡನೇ ಅವಧಿಗೆ ಏದುಸಿರು ಬಿಡುವಾಗ ಇವರು ಇನ್ನೂ ಓಡ್ತಾ ಇರೋರು. 1922ರಲ್ಲಿ ಕೆಳ ದರ್ಜೆ ಗೆದ್ದು ಬಡ್ತಿ ಪಡೆದರು. 1923ರಲ್ಲಿ ಮೊದಲ ಸಲ ಮೇಲಿನ ದರ್ಜೆ. ಗೋಲ್‌ಕೀಪರ್ ನೆಲ್ಸನ್ ಡ ಕೊನ್ಸೆಯ್ಸಾವೊ ವೃತ್ತಿಯಲ್ಲಿ ಟ್ಯಾಕ್ಸಿ ಚಾಲಕ, ಕಪ್ಪು ಮನುಷ್ಯ. 14 ಪಂದ್ಯ ಆಡಿದರು. 11 ಗೆಲುವು, 2 ಡ್ರಾ, ಸೋತದ್ದು ಒಂದೇ ಒಂದು, ಫ್ಲಮೆಂಗೊ ವಿರುದ್ಧ 3–2. ಆ ಒಂದು ಸೋಲಿಗೆ ಶ್ರೀಮಂತ ಕ್ಲಬ್‌ಗಳ ಬೆಂಬಲಿಗರು ಹಬ್ಬ ಮಾಡಿದರು. ಆದರೆ ಆಗಸ್ಟ್‌ನಲ್ಲಿ ಚಾಂಪಿಯನ್ ಆದದ್ದು ವಾಸ್ಕೋ. ಕಪ್ಪು ಅಂಗಿಯ ಈ ಹುಡುಗರಿಗೆ ಜನ ‘ಕಪ್ಪು ಅಂಗಿಗಳು’ ಅಂತಲೇ ಹೆಸರಿಟ್ಟರು.

ಈಗ ದೊಡ್ಡವರು ಏನು ಮಾಡಿದರು? ಮೈದಾನದಲ್ಲಿ ಸೋಲಿಸೋಕೆ ಆಗದಿದ್ದಾಗ ಏನು ಮಾಡ್ತಾರೋ ಅದನ್ನೇ. ನಿಯಮ ಬದಲಾಯಿಸಿದರು. 1924ರಲ್ಲಿ ಫ್ಲುಮಿನೆನ್ಸ್, ಫ್ಲಮೆಂಗೊ, ಬೊಟಾಫೊಗೊ, ಅಮೆರಿಕ ಮುಂತಾದ ಕ್ಲಬ್‌ಗಳು ಹಳೆಯ ಲೀಗ್ ಬಿಟ್ಟು ಹೊಸ ಸಂಘ ಕಟ್ಟಿದವು. ಅದರ ಹೆಸರು ಅಮೆಯಾ. ಅದರಲ್ಲಿ ಆಡುವವನಿಗೆ ಓದು ಬರಹ ಬರಬೇಕು, ಅರ್ಜಿ ತಾನೇ ತುಂಬಿ ಸಹಿ ಹಾಕಬೇಕು. ಏನು ಕೆಲಸ, ಯಾರು ಸಂಬಳ ಕೊಡ್ತಾರೆ, ವಿಚಾರಣೆ ಆಗಬೇಕು.

ಹೆಬ್ಬೆಟ್ಟು ಒತ್ತುವವನಿಗೆ ಫುಟ್‌ಬಾಲ್ ಆಡೋ ಹಕ್ಕಿಲ್ಲ ಅಂತ. ಚೆಂಡು ಒದೆಯೋಕೆ ಅಕ್ಷರ ಯಾಕೆ ಸ್ವಾಮಿ? ವಾಸ್ಕೋದವರು ತಮ್ಮ ಆಟಗಾರರಿಗೆ ಅಕ್ಷರ ಕಲಿಸೋಕೆ ಶುರು ಮಾಡಿದರು. ಒಬ್ಬ ಆಟಗಾರನ ಅಡ್ಡಹೆಸರು ಬರೆಯೋಕೆ ಕಷ್ಟ ಅಂತ ಅದನ್ನು ಸುಲಭವಾದ ‘ಸಿಲ್ವಾ’ಗೆ ಬದಲಾಯಿಸಿದರು ಅನ್ನುವ ಕಥೆಯೂ ಇದೆ. ನಗು ಬರುತ್ತೆ, ಆದರೆ ನಮ್ಮಲ್ಲೂ ಸಹಿ ಹಾಕೋಕೆ ಕೈ ನಡುಗುವ ಅಜ್ಜ ಅಜ್ಜಿಯರನ್ನು ಬ್ಯಾಂಕ್ ಕೌಂಟರ್‌ನಲ್ಲಿ ನೋಡಿದವರಿಗೆ ಆ ನಗು ಬೇಗ ನಿಲ್ಲುತ್ತೆ.

ಕೊನೆಗೆ ಅಮೆಯಾದಿಂದ ಸಂದೇಶ ಬಂತು. ನೀವು ಸೇರಬಹುದು, ಆದರೆ ನಿಮ್ಮ ಹನ್ನೆರಡು ಆಟಗಾರರನ್ನು ಕೈಬಿಡಬೇಕು. ಜೊತೆಗೆ, ನಿಮಗೆ ಸರಿಯಾದ ಕ್ರೀಡಾಂಗಣ ಇಲ್ಲ, ಹಾಗಾಗಿ ಸಂಘದಲ್ಲಿ ಸ್ಥಾಪಕ ಕ್ಲಬ್‌ಗಳಿಗಿರುವ ಹಕ್ಕು ನಿಮಗಿಲ್ಲ.

ನೀವು ವಾಸ್ಕೋದ ಅಧ್ಯಕ್ಷರ ಜಾಗದಲ್ಲಿ ಕೂತು ನೋಡಿ. ನೀವೇ ಊರಲ್ಲಿ ಮರ್ಯಾದೆ ಸಿಗದ ವಲಸಿಗರು. ಈಗ ದೊಡ್ಡವರ ಮನೆಯ ಬಾಗಿಲು ತೆರೆದಿದೆ. ಹನ್ನೆರಡು ಹುಡುಗರನ್ನು ಹೊರಗೆ ನಿಲ್ಲಿಸಿದ್ರೆ ಸಾಕು, ಒಳಗೆ ಕುರ್ಚಿ ಸಿಗುತ್ತೆ. ಎಷ್ಟು ಜನ ಬೇಡ ಅಂತಾರೆ?

1924ರ ಏಪ್ರಿಲ್ 7. ಅಧ್ಯಕ್ಷ ಜೋಸೆ ಆಗುಸ್ಟೊ ಪ್ರೆಸ್ಟೆಸ್, ಅಮೆಯಾದ ಅಧ್ಯಕ್ಷ ಅರ್ನಾಲ್ಡೊ ಗಿನ್ಲೆ ಅವರಿಗೆ ಒಂದು ಕಾಗದ ಬರೆದರು. ಭಾಷೆ ತುಂಬಾ ಸಭ್ಯ, ಕಚೇರಿ ಭಾಷೆ. ಸಾರಾಂಶ ಇಷ್ಟು: ಈ ಹನ್ನೆರಡು ಜನ ಯುವಕರು, ಆಟದ ಬದುಕನ್ನು ಈಗಷ್ಟೇ ಶುರು ಮಾಡಿದವರು. ಇವರ ಸಾಮಾಜಿಕ ಸ್ಥಿತಿಗತಿಯ ಬಗ್ಗೆ ನೀವು ನಡೆಸಿದ ವಿಚಾರಣೆಯಲ್ಲಿ ಅವರ ಪರ ಮಾತಾಡೋಕೆ ಯಾರೂ ಇರಲಿಲ್ಲ. ನಮಗೆ ಗೆಲುವು ತಂದುಕೊಟ್ಟವರನ್ನು ಬಲಿ ಕೊಟ್ಟು ನಿಮ್ಮ ಜೊತೆ ಸೇರೋದು ನಮಗೆ ಶೋಭೆಯಲ್ಲ. ಆದ್ದರಿಂದ ನಾವು ಅಮೆಯಾ ಸೇರುವುದಿಲ್ಲ. ಅಷ್ಟೇ.

ಬ್ರೆಜಿಲ್‌ನಲ್ಲಿ ಈ ಕಾಗದಕ್ಕೆ ‘ಐತಿಹಾಸಿಕ ಉತ್ತರ’ ಅಂತ ಹೆಸರು. ಗಮನಿಸಿ, ಅದರಲ್ಲಿ ‘ಬಣ್ಣ’ ಅನ್ನುವ ಪದವೇ ಇಲ್ಲ. ಕೆಲವರು ಇದನ್ನೇ ಹಿಡಿದು ವಾದ ಮಾಡ್ತಾರೆ: ಇದು ವರ್ಣಭೇದದ ವಿರುದ್ಧದ ಹೋರಾಟ ಅಲ್ಲ, ಗುಟ್ಟಾಗಿ ದುಡ್ಡು ಕೊಟ್ಟು ಆಡಿಸ್ತಿದ್ದ ಕ್ಲಬ್ ತನ್ನ ಒಳ್ಳೆ ತಂಡ ಉಳಿಸ್ಕೊಂಡ ಕಥೆ ಅಷ್ಟೇ ಅಂತ. ಆ ಮಾತಲ್ಲಿ ಸ್ವಲ್ಪ ನಿಜ ಇದೆ. ಅಂಗಡಿಯವರು ಸಂತರಲ್ಲ, ಅವರಿಗೆ ಗೆಲ್ಲಬೇಕಿತ್ತು. ಆದರೆ ನನಗನ್ನಿಸೋದು ಇಷ್ಟು. ಆ ದಿನ ಹೊಸ ಸಂಘದಲ್ಲಿ ದೊಡ್ಡ ಪಂದ್ಯ ಇತ್ತು, ಟಿಕೆಟ್ ದುಡ್ಡು ಇತ್ತು, ಮರ್ಯಾದೆ ಇತ್ತು. ಲಾಭ ಮಾತ್ರ ಬೇಕಿದ್ದವನು ಹನ್ನೆರಡು ಜನರನ್ನು ಬಿಟ್ಟು ಹನ್ನೆರಡು ಹೊಸಬರನ್ನು ಹುಡುಕುತ್ತಿದ್ದ. ಇವರು ಹಳೆಯ, ಬಡವಾದ ಲೀಗ್‌ನಲ್ಲೇ ಉಳಿದರು. ಆ ವರ್ಷ ಅಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದರು. 1925ರಲ್ಲಿ ಅಮೆಯಾ ತಾನೇ ಬಗ್ಗಿ ವಾಸ್ಕೋವನ್ನು ಒಳಗೆ ಕರೆದುಕೊಂಡಿತು. ಹುಡುಗರ ಸಮೇತ.

ಒಂದು ಚುಚ್ಚುಮಾತು ಮಾತ್ರ ಉಳಿದಿತ್ತು. ‘ನಿಮಗೆ ಕ್ರೀಡಾಂಗಣ ಇಲ್ಲ.’ ಸರಿ, ಕಟ್ಟೋಣ ಅಂದರು. ಸರ್ಕಾರದ ದುಡ್ಡಲ್ಲ. ಹತ್ತು ಸಾವಿರ ಹೊಸ ಸದಸ್ಯರನ್ನು ಸೇರಿಸುವ ಅಭಿಯಾನ, ಅಂಗಡಿ ಅಂಗಡಿಗೆ ಹೋಗಿ ಚಂದಾ. ನಮ್ಮೂರಲ್ಲಿ ಗಣಪತಿ ಚಂದಾ ಎತ್ತಿದವರಿಗೆ ಆ ಕೆಲಸ ಏನು ಅಂತ ಗೊತ್ತು. ಕಾರ್ಮಿಕರ ಬಡಾವಣೆಯಾದ ಸಾವೊ ಕ್ರಿಸ್ಟೊವಾವೊದಲ್ಲಿ ಜಾಗ ಕೊಂಡರು. 1926ರ ಜೂನ್‌ನಲ್ಲಿ ಅಡಿಗಲ್ಲು, 1927ರ ಏಪ್ರಿಲ್ 21ಕ್ಕೆ ಉದ್ಘಾಟನೆ. ಹನ್ನೊಂದು ತಿಂಗಳೂ ಆಗಿರಲಿಲ್ಲ! ಜನ ಅದನ್ನು ಸಾವೊ ಜನುವಾರಿಯೊ ಅಂತ ಕರೀತಾರೆ. 1930ರಲ್ಲಿ ಉರುಗ್ವೆಯಲ್ಲಿ ಸೆಂಟೆನಾರಿಯೊ ಕ್ರೀಡಾಂಗಣ ಆಗುವವರೆಗೆ ದಕ್ಷಿಣ ಅಮೆರಿಕದಲ್ಲೇ ದೊಡ್ಡದು ಇದು. ಉದ್ಘಾಟನೆ ಪಂದ್ಯದಲ್ಲಿ ಸ್ಯಾಂಟೋಸ್ ತಂಡ 5–3ರಿಂದ ವಾಸ್ಕೋವನ್ನು ಸೋಲಿಸಿತು ಅನ್ನೋದು ಬೇರೆ ಮಾತು. ಗೃಹಪ್ರವೇಶದ ದಿನ ಪಾಯಸ ಸೀದುಹೋದ ಹಾಗೆ.

ಆ ಮೈದಾನ ಆಮೇಲೆ ಬರೀ ಫುಟ್‌ಬಾಲ್‌ಗೆ ಸೀಮಿತ ಆಗಲಿಲ್ಲ. 1940ರ ಮೇ 1, ಕಾರ್ಮಿಕರ ದಿನ. ಅಧ್ಯಕ್ಷ ಗೆಟುಲಿಯೊ ವರ್ಗಾಸ್ ಬ್ರೆಜಿಲ್‌ನ ಕನಿಷ್ಠ ವೇತನವನ್ನು ಘೋಷಿಸಿದ್ದು ಇದೇ ಸಾವೊ ಜನುವಾರಿಯೊದಲ್ಲಿ. ವರ್ಗಾಸ್ ಆಗ ಸರ್ವಾಧಿಕಾರಿ, ಅದನ್ನು ಮರೆಯೋದು ಬೇಡ. ಆದರೂ ಕಾರ್ಮಿಕರನ್ನು ಹೊರಗಿಡೋಕೆ ಹೊರಟಿದ್ದ ಆಟದಿಂದ ಹುಟ್ಟಿದ ಕ್ರೀಡಾಂಗಣದಲ್ಲಿ ಕಾರ್ಮಿಕರ ಕೂಲಿ ಘೋಷಣೆಯಾಯಿತು ಅನ್ನೋದು ಸಣ್ಣ ವಿಷಯ ಅಲ್ಲ.

1940ರ ದಶಕದಲ್ಲಿ ವಾಸ್ಕೋ ತಂಡಕ್ಕೆ ‘ಗೆಲುವಿನ ಎಕ್ಸ್‌ಪ್ರೆಸ್’ ಅಂತ ಹೆಸರು ಬಿತ್ತು. ನೋಡಿ, ಇಲ್ಲೂ ರೈಲು! 1948ರಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಕ್ಲಬ್‌ಗಳನ್ನೆಲ್ಲ ಸೇರಿಸಿ ಟೂರ್ನಿ ನಡೆಸಿದರು. ಡಿ ಸ್ಟೆಫಾನೊ ಇದ್ದ ರಿವರ್ ಪ್ಲೇಟ್ ಜೊತೆ 0–0 ಮಾಡಿಕೊಂಡು ವಾಸ್ಕೋ ಗೆದ್ದಿತು. ಗೋಲಿನ ಮುಂದೆ ನಿಂತವರು ಮೊವಾಸಿರ್ ಬರ್ಬೋಸಾ. ಕಪ್ಪು ಮನುಷ್ಯ, ಆಗಿನ ಕಾಲದ ಅತ್ಯುತ್ತಮ ಗೋಲ್‌ಕೀಪರ್‌ಗಳಲ್ಲಿ ಒಬ್ಬರು.

1950ರಲ್ಲಿ ವಿಶ್ವಕಪ್ ಬ್ರೆಜಿಲ್‌ಗೇ ಬಂತು. ದೇಶದ ಕೋಚ್ ಫ್ಲಾವಿಯೊ ಕೋಸ್ಟಾ, ವಾಸ್ಕೋದವರು. ಕೊನೇ ಪಂದ್ಯಕ್ಕಿಳಿದ ಹನ್ನೊಂದರಲ್ಲಿ ಐವರು ವಾಸ್ಕೋದವರು: ಬರ್ಬೋಸಾ, ನಾಯಕ ಆಗುಸ್ಟೊ, ಡನಿಲೊ, ಅಡೆಮಿರ್, ಶಿಕೊ. ಜುಲೈ 16, ಮರಕಾನಾ ಕ್ರೀಡಾಂಗಣ, ಸುಮಾರು ಎರಡು ಲಕ್ಷ ಜನ. ಡ್ರಾ ಆದ್ರೂ ಕಪ್ ಬ್ರೆಜಿಲ್‌ಗೆ. ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ಓಡಿ ಬಂದ. ಚೆಂಡನ್ನು ಒಳಕ್ಕೆ ಪಾಸ್ ಮಾಡ್ತಾನೆ ಅಂತ ಬರ್ಬೋಸಾ ಒಂದು ಹೆಜ್ಜೆ ಆ ಕಡೆ ಹಾಕಿದರು. ಗಿಗ್ಗಿಯಾ ಕಂಬದ ಪಕ್ಕದ ಸಂದಿಯಲ್ಲಿ ಹೊಡೆದ. 2–1. ಇಡೀ ಮೈದಾನ ಸತ್ತ ಮನೆ ಆಯ್ತು.

ಆಮೇಲೆ ದೇಶ ತಪ್ಪಿತಸ್ಥರನ್ನು ಹುಡುಕಿತು. ಸಿಕ್ಕವರು ಮೂವರು: ಬರ್ಬೋಸಾ, ಬಿಗೋಡೆ, ಜುವೆನಾಲ್. ಮೂವರೂ ಕಪ್ಪು ಆಟಗಾರರು. ವಾಸ್ಕೋ ಮಾತ್ರ ಬರ್ಬೋಸಾರನ್ನು ಕೈಬಿಡಲಿಲ್ಲ, ಅದೇ ಋತುವಿನಲ್ಲಿ ಅವರನ್ನಿಟ್ಟುಕೊಂಡೇ ರಿಯೋ ಚಾಂಪಿಯನ್ ಆಯಿತು. ಆದರೆ ದೇಶ ಕ್ಷಮಿಸಲಿಲ್ಲ. ಮುಪ್ಪಿನಲ್ಲಿ ಬರ್ಬೋಸಾ ಹೇಳ್ತಿದ್ದ ಮಾತು: ಈ ದೇಶದಲ್ಲಿ ಎಷ್ಟೇ ದೊಡ್ಡ ಅಪರಾಧಕ್ಕೂ ಮೂವತ್ತು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇಲ್ಲ, ನಾನು ಮಾತ್ರ ಐವತ್ತು ವರ್ಷದಿಂದ ಅನುಭವಿಸ್ತಾ ಇದೀನಿ ಅಂತ. ಅವರು ತೀರಿಕೊಂಡದ್ದು 2000ದ ಏಪ್ರಿಲ್ 7. ತಾರೀಖು ನೆನಪಾಯ್ತಾ? ಆ ಕಾಗದ ಬರೆದ ದಿನ. ಸರಿಯಾಗಿ 76 ವರ್ಷ.

ಇದನ್ನು ಮೊದಲ ಸಲ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಒಂದು ಕಾಗದ ಹನ್ನೆರಡು ಜನರಿಗೆ ಬಾಗಿಲು ತೆರೆಯಬಹುದು. ಒಳಗೆ ಬಂದವನು ಒಂದು ತಪ್ಪು ಮಾಡಿದ ದಿನ ಅವನನ್ನು ಹೇಗೆ ನೋಡ್ತಾರೆ ಅನ್ನೋದನ್ನು ಕಾಗದ ಬದಲಾಯಿಸಲ್ಲ. ಗೆದ್ದಾಗ ನಮ್ಮವನು, ಸೋತಾಗ ಅವನ ಬಣ್ಣ ನೆನಪಾಗುತ್ತೆ. ನಮ್ಮ ಕ್ರಿಕೆಟ್‌ನಲ್ಲಿ, ಹಾಕಿಯಲ್ಲಿ ಒಂದು ಕ್ಯಾಚ್ ಬಿಟ್ಟವನ, ಒಂದು ಪಂದ್ಯ ಸೋತವರ ಧರ್ಮ, ಜಾತಿ ಹುಡುಕಿ ಕಾಮೆಂಟ್ ಹಾಕೋದನ್ನು ನೋಡಿದ್ದೀವಲ್ಲ. ಬೇರೆ ಹೇಳಬೇಕಾಗಿಲ್ಲ.

ಕ್ಲಬ್ ಆಮೇಲೆಯೂ ಬೆಳೆಯಿತು, ಬಿತ್ತು, ಎದ್ದಿತು. 1974, 1989, 1997, 2000ರಲ್ಲಿ ಬ್ರೆಜಿಲ್ ಚಾಂಪಿಯನ್. 1998ರಲ್ಲಿ ಕ್ಲಬ್‌ಗೆ ನೂರು ತುಂಬಿ ಐದೇ ದಿನಕ್ಕೆ ಖಂಡದ ಅತಿ ದೊಡ್ಡ ಕಪ್ ಲಿಬರ್ಟಡೋರೆಸ್. 2007ರ ಮೇ 20ರಂದು ರೊಮಾರಿಯೊ ತನ್ನ ಲೆಕ್ಕದ ಸಾವಿರನೇ ಗೋಲನ್ನು ಸಾವೊ ಜನುವಾರಿಯೊದಲ್ಲೇ ಹೊಡೆದರು. ಕಪ್ಪು ಚುಕ್ಕೆಗಳೂ ಇವೆ. 2000ದ ಡಿಸೆಂಬರ್ 30ರಂದು ಫೈನಲ್ ನಡೆಯುವಾಗ ಇದೇ ಕ್ರೀಡಾಂಗಣದ ಬೇಲಿ ಕುಸಿದು ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. 2008ರಲ್ಲಿ ಮೊದಲ ಸಲ ಎರಡನೇ ದರ್ಜೆಗೆ ಬಿದ್ದರು, ಆಮೇಲೆ ಇನ್ನೂ ಮೂರು ಸಲ. ಅಂಗಡಿಯವರ ಚಂದಾದಿಂದ ಬೆಳೆದ ಕ್ಲಬ್‌ನ ಫುಟ್‌ಬಾಲ್ ವಿಭಾಗದ ಶೇ 70 ಪಾಲನ್ನು 2022ರಲ್ಲಿ ಒಂದು ಅಮೆರಿಕನ್ ಹೂಡಿಕೆ ಕಂಪನಿಗೆ ಮಾರಿದರು. 2024ರಲ್ಲಿ ಕೋರ್ಟ್ ಆ ಕಂಪನಿಯ ನಿಯಂತ್ರಣ ತೆಗೆದುಹಾಕಿತು.

ಕೊನೆಯದಾಗಿ 2023ರ ಒಂದು ಘಟನೆ. ಜೂನ್‌ನಲ್ಲಿ ಸೋತ ಪಂದ್ಯವೊಂದರ ನಂತರ ಸಾವೊ ಜನುವಾರಿಯೊದಲ್ಲಿ ಗಲಾಟೆ ಆಯ್ತು, ಪೊಲೀಸರ ಜೊತೆ ಘರ್ಷಣೆ. ಅದು ತಪ್ಪೇ, ಶಿಕ್ಷೆ ಸರಿಯೇ. ಆದರೆ ಕ್ರೀಡಾಂಗಣ ತಿಂಗಳುಗಟ್ಟಲೆ ಪ್ರೇಕ್ಷಕರಿಗೆ ಮುಚ್ಚಿತು. ಕೋರ್ಟ್ ದಾಖಲೆಯಲ್ಲಿ ಕೊಟ್ಟ ಕಾರಣಗಳಲ್ಲಿ ಒಂದು, ಪಕ್ಕದಲ್ಲಿ ಬರೇರಾ ಡು ವಾಸ್ಕೋ ಅನ್ನುವ ಸ್ಲಂ ಇದೆ, ಅಲ್ಲಿ ಗುಂಡಿನ ಸದ್ದು ಕೇಳುತ್ತೆ ಅನ್ನೋದು. ಪಂದ್ಯದ ದಿನ ತಿಂಡಿ, ಪಾನೀಯ ಮಾರಿ ಬದುಕುವ ಅಲ್ಲಿನ ಜನ ಬೀದಿಗಿಳಿದರು. ನಾವು ಬಡವರು ಅನ್ನೋದೇ ನಮ್ಮ ಅಪರಾಧವಾ ಅಂತ ಅವರ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು.

1924ರಲ್ಲಿ ‘ನಿಮ್ಮ ಹುಡುಗರು ಸರಿ ಇಲ್ಲ, ನಿಮ್ಮ ಮೈದಾನ ಸರಿ ಇಲ್ಲ’. ಸುಮಾರು ನೂರು ವರ್ಷದ ನಂತರ ‘ನಿಮ್ಮ ಅಕ್ಕಪಕ್ಕ ಸರಿ ಇಲ್ಲ’. ಪದಗಳು ಬದಲಾಗಿವೆ, ಅಷ್ಟೇ.

ಈಗಲೂ ನಾನು ಆ ರೈಲಿನಲ್ಲಿ ಹೋಗ್ತೀನಿ. ಕೊನೇ ಸ್ಟೇಷನ್ನಲ್ಲಿ ಹಳದಿ ಬೋರ್ಡ್ ಮೇಲೆ ಆ ಹೆಸರು. ಕೆಲಸ ಹುಡುಕಿ ನಮ್ಮ ಉತ್ತರ ಕರ್ನಾಟಕದಿಂದ ಹೋದ ಎಷ್ಟೋ ಕುಟುಂಬಗಳು ಆ ಊರಲ್ಲಿವೆ. ಪ್ಲಾಟ್‌ಫಾರ್ಮ್ ಮೇಲೆ ಕನ್ನಡ ಕೇಳುತ್ತೆ. ಗಂಟು ಮೂಟೆ ಹೊತ್ತು ಇಳಿಯುವವರನ್ನು ನೋಡಿದಾಗ ನನಗೆ ಹಡಗು ಸುಟ್ಟ ನಾವಿಕ ನೆನಪಾಗಲ್ಲ. ಹೆಬ್ಬೆಟ್ಟಿನಿಂದ ಸಹಿಗೆ ಬಂದ ಆ ಆಟಗಾರರು, ಅವರನ್ನು ಬಿಟ್ಟು ಒಳಗೆ ಹೋಗಲ್ಲ ಅಂದ ಅಂಗಡಿಯವರು ನೆನಪಾಗ್ತಾರೆ.

ಮುಂದಿನ ಸಲ ಯಾರಾದ್ರೂ ನಿಮಗೆ ‘ನೀನು ಬಾ, ನಿನ್ನ ಜೊತೆಯವರು ಬೇಡ’ ಅಂದ್ರೆ, ಏಪ್ರಿಲ್ 7ರ ಕಾಗದ ನೆನಪು ಮಾಡ್ಕೊಳ್ಳಿ.